ಮುಚ್ಚಂಗಿ

"ಇವತ್ತು ನಿನ್ನೆದೆ ಕುಂಟ್ತಾ ಅದೆ ಕಣಮ್ಮಿ" ಎಂದಳು ನಮ್ಮತ್ತೆ ಕಾಳಮ್ಮ, ಒಲೆಗೆ ಸೌದೆ ತಳ್ಳುತ್ತಾ. ಎಸರಿಗೆ ರಾಗಿ ಹಿಟ್ಟು ಹಾಕುತ್ತಿದ್ದವಳು ಕೈ ನಿಲ್ಲಿಸಿದೆ. ಕುಂಟುವುದು ಎಂದರೆ ಹೇಗೆ, ಹೆಜ್ಜೆ ತಪ್ಪುತ್ತಿದೆಯೋ, ಕಾಲೆಳೆಯುತ್ತಿದೆಯೋ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದೆ. ತಾನೇನು ಡಾಕ್ಟರಲ್ಲ, ಕಿವಿಗೆ ಬಿದ್ದದ್ದು ಹೇಳಿದೆ, ಹಿಟ್ಟು ಗಂಟಾಗುತ್ತದೆ ನೋಡು ಎಂದಳು. ಹಿಟ್ಟು ಗಂಟಾಯಿತು. ಅವಳು ಹೇಳುವ ತನಕ ನನ್ನ ಎದೆ ಕುಂಟುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಹೇಳಿದ ಮೇಲೆ ಕುಂಟಿದ್ದು ಮಾತ್ರ ನಿಜ.

ನಮ್ಮೂರಲ್ಲಿ ಎಲ್ಲರ ಎದೆಯೂ ಹೊರಗೆ ಕೇಳಿಸುತ್ತದೆ. ಖಾಲಿ ಮಡಕೆಯನ್ನು ಬೆರಳ ಗೆಣ್ಣಿನಿಂದ ಬಡಿದಷ್ಟು ಸದ್ದು, ಅಂಗಳದ ಆಚೆ ನಿಂತವರಿಗೂ ಮುಟ್ಟುತ್ತದೆ. ಅದಕ್ಕೆ ತಕ್ಕಂತೆ ಬದುಕು ನಡೆದುಕೊಂಡು ಬಂದಿದೆ. ಇಸ್ಪೀಟು ಆಡುವವರು ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ಕೂರುತ್ತಾರೆ, ಯಾರಿಗೆ ಒಳ್ಳೆಯ ಎಲೆ ಬಂತೆಂದು ಬೇರೆಯವರಿಗೆ ಕೇಳಿಸದಿರಲಿ ಎಂದು. ಸಂತೆಯಲ್ಲಿ ಸೀರೆ ಬೇಡ ಎಂದು ಎದ್ದು ಹೊರಟವಳನ್ನು ಅಂಗಡಿಯವನು ಕರೆಯುವುದಿಲ್ಲ. ಅವಳ ಎದೆ ಕೇಳಿಸಿಕೊಂಡು ನಗುತ್ತಾ ಕೂತಿರುತ್ತಾನೆ. ಶಾಲೆಯಲ್ಲಿ ಲೆಕ್ಕ ಯಾರು ಮಾಡಿಲ್ಲ ಎಂದು ಮೇಷ್ಟ್ರು ಕೇಳುವುದಿಲ್ಲ, ಸುಮ್ಮನೆ ಬೆಂಚುಗಳ ನಡುವೆ ನಡೆದು ಒಬ್ಬನ ಮುಂದೆ ನಿಲ್ಲುತ್ತಾರೆ. ಹೊರಗಿನಿಂದ ಬಸ್ಸಿನಲ್ಲಿ ಬಂದವರು ಮೊದಲ ದಿನ ತಲೆನೋವು ಎನ್ನುತ್ತಾರೆ. ತಮ್ಮದೂ ಕೇಳಿಸಲು ಶುರುವಾದ ದಿನ ಗಂಟುಮೂಟೆ ಕಟ್ಟುತ್ತಾರೆ.

ಎಲ್ಲರ ಎದೆಯೂ ಎಂದೆ. ತಪ್ಪು. ಮೇಲುಕೇರಿಯವರು ಮುಚ್ಚಂಗಿ ತೊಡುತ್ತಾರೆ. ಎರಡು ಪದರ ಬಟ್ಟೆಯ ನಡುವೆ ಬೂರುಗದ ಹತ್ತಿ ತುಂಬಿ, ಒತ್ತೊತ್ತಾಗಿ ಹೊಲಿಗೆ ಹಾಕಿದ, ತೋಳಿಲ್ಲದ ಅಂಗಿ ಅದು. ತೊಟ್ಟರೆ ಪಕ್ಕದಲ್ಲಿ ಕೂತವರಿಗೂ ಎದೆ ಕೇಳಿಸುವುದಿಲ್ಲ, ತೊಟ್ಟವರಿಗೂ ಕೇಳಿಸುವುದಿಲ್ಲ. ಕೂಲಿ ಮಾಡುವವರು ಅದನ್ನು ತೊಡುವಂತಿಲ್ಲ. ಯಾರು ಮಾಡಿದ ಕಾನೂನು ಎಂದರೆ ಮೊದಲಿಂದ ಹಾಗೇ ಎನ್ನುತ್ತಾರೆ. ಕೂಲಿಯವರ ಎದೆ ಮುಚ್ಚಿಬಿಟ್ಟರೆ ಅವರು ಕದ್ದರೋ, ಮೈಗಳ್ಳರೋ, ಒಳಗೊಳಗೇ ಬೈದುಕೊಂಡರೋ ತಿಳಿಯುವುದು ಹೇಗೆ ಎನ್ನುತ್ತಾರೆ. ಕೂಲಿ ಕೊಡುವವನು ಕದ್ದದ್ದು ತಿಳಿಯುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅವರ ಎದೆಗೆ ಬೂರುಗದ ಹತ್ತಿ, ನಮ್ಮ ಎದೆಗೆ ಊರೆಲ್ಲರ ಕಿವಿ. ಇದನ್ನೇ ಇಲ್ಲಿ ನ್ಯಾಯ ಎಂದು ಕರೆಯುತ್ತಾರೆ.

ನನ್ನ ಹೆಸರು ನಿಂಗಾಜಮ್ಮ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ದಾನಪ್ಪ ಸಾಹುಕಾರರ ಊದುಬತ್ತಿ ಕಾರ್ಖಾನೆಯಲ್ಲಿ ಕಡ್ಡಿ ಹೊಸೆಯುತ್ತೇನೆ. ಚಿಕ್ಕವಳಿದ್ದಾಗ ಗಂಟಲು ನೋವು ಬಂದಿತ್ತು. ಕೆಳಕೇರಿಯ ಮಗುವಿನ ಗಂಟಲು ನೋವಿಗೆ ಯಾರು ಆಸ್ಪತ್ರೆಗೆ ಓಡುತ್ತಾರೆ? ಉಪ್ಪುನೀರು ಮುಕ್ಕಳಿಸಿದೆ. ಆಮೇಲೆ ಮಂಡಿ ಊದಿತು, ಮೊಣಕೈ ಊದಿತು. ಊತ ಇಳಿದು ಹೋಗುವಾಗ ಎದೆಯೊಳಗಿನ ಒಂದು ಕವಾಟವನ್ನು ಕಚ್ಚಿಕೊಂಡು ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರಕ್ಕೊಂದು ಸೂಜಿ. ಉಳಿದವರದು ಲೊಟಕ್ ಲೊಟಕ್ ಎಂದರೆ ನನ್ನದು ಲೊಟಕ್ ಲೊಟಕ್ ಸುಸ್ ಎನ್ನುತ್ತದೆ. ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಸಮಾಧಾನವಾಗಿದ್ದಾಗ ಆ ಸುಸ್ ಹತ್ತಿರ ಕೂತವರಿಗೂ ಕೇಳಿಸದಷ್ಟು ಸಣ್ಣದು. ಹೆದರಿದರೆ ಬೀದಿಗೆಲ್ಲ ಕೇಳಿಸುತ್ತದೆ.

ಆಸ್ಪತ್ರೆಯ ಡಾಕ್ಟರಮ್ಮ ಪ್ರತಿ ಸಲ ಮಲಗಿಸಿ ನೋಡಿ ಒಂದೇ ಮಾತು ಹೇಳುತ್ತಾರೆ. ಸೋರಿಕೆ ಇದೆ, ಹೆಚ್ಚಾಗಿಲ್ಲ, ಸೂಜಿ ತಪ್ಪಿಸಬೇಡಿ, ಕೆಲಸ ಮಾಡಿ, ಊಟ ಮಾಡಿ. ಹೆಚ್ಚಾಗಿಲ್ಲ ಎಂಬ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಡುತ್ತೇನೆ. ಮನೆ ಮುಟ್ಟುವಷ್ಟರಲ್ಲಿ ಅದೂ ಅರ್ಧ ಸೋರಿಹೋಗಿರುತ್ತದೆ. ಅವರು ಸರಿಯಾಗಿ ನೋಡಿದರೋ ಇಲ್ಲವೋ. ಇವತ್ತು ಸಾಲು ಉದ್ದವಿತ್ತು, ಅವಸರದಲ್ಲಿದ್ದರು. ನೋಡಿದ ಮೇಲೆ, ಬಸ್ಸು ಹತ್ತುವಾಗ, ಹೆಚ್ಚಾಗಿದ್ದರೆ? ಪಾದದ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ಎಂದು ನೋಡುತ್ತೇನೆ. ಬೀಳುವುದಿಲ್ಲ. ಸರಿಯಾಗಿ ಒತ್ತಲಿಲ್ಲವೇನೋ ಎಂದು ಮತ್ತೆ ಒತ್ತುತ್ತೇನೆ. ಒತ್ತಿ ಒತ್ತಿ ಕೆಂಪಾದರೆ ಆ ಕೆಂಪು ಯಾಕೆ ಬಂತು ಎಂದು ಅದಕ್ಕೊಂದು ಹೆದರಿಕೆ. ಬೇರೆ ಊರಿನ ರೋಗಿಗಳು ಕಾಯಿಲೆಯನ್ನು ಒಂದು ಗಳಿಗೆ ಮರೆಯಬಹುದಂತೆ. ನನ್ನದು ಮಾತಾಡುವ ಕಾಯಿಲೆ. ನಾನು ಮರೆತರೆ ಅದೇ ಕರೆಯುತ್ತದೆ. ಅದು ಕರೆಯದಿದ್ದರೆ ಎದುರುಮನೆಯವರು ಕರೆದು, ಯಾಕವ್ವ, ಇವತ್ತು ಜೋರು ಎನ್ನುತ್ತಾರೆ.

"ಕೇಳಿಸೋದು ಬೇರೆ, ಕಿವಿ ಕೊಡೋದು ಬೇರೆ" ಎಂದಿದ್ದರು ಒಮ್ಮೆ ಡಾಕ್ಟರಮ್ಮ. ಕಿವಿ ಕೊಡಬೇಕು ಅನ್ನಿಸಿದಾಗ ಕೈಯಲ್ಲಿರುವ ಕೆಲಸ ಮುಗಿಸಿ ಆಮೇಲೆ ಕೊಡು, ಅಷ್ಟರಲ್ಲಿ ಅದಕ್ಕೂ ನಿನಗೂ ಬೇಸರವಾಗುತ್ತದೆ ಎಂದಿದ್ದರು. ಸ್ವಲ್ಪ ದಿನ ಅದು ನಡೆಯಿತು. ನಡೆದದ್ದು ನನ್ನ ಜಾಣತನದಿಂದಲ್ಲ, ಪಕ್ಕದಲ್ಲಿ ಕೂರುತ್ತಿದ್ದ ಹೊಂಬಾಳಮ್ಮನಿಂದ. ಅವಳ ಎದೆ ಒರಳುಕಲ್ಲು. ಒಂದೇ ಸಮ, ಒಂದೇ ತೂಕ. ನನ್ನದು ದಿಕ್ಕೆಟ್ಟು ಓಡತೊಡಗಿದಾಗ ಅವಳದ್ದಕ್ಕೆ ಕಿವಿ ಒಡ್ಡಿ, ಜಾತ್ರೆಯಲ್ಲಿ ದೊಡ್ಡವರ ಸೆರಗು ಹಿಡಿದ ಮಗುವಿನಂತೆ, ಹಿಡಿದುಕೊಂಡು ನಡೆಯುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. "ಸುಸ್ ಅಂತ ಹಾವು ಬಂತಲ್ಲೇ" ಎಂದು ರೇಗಿಸಿ, ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದಳು.

ಒಂದು ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಹೊಂಬಾಳಮ್ಮನ ಎದೆ ನಿಂತಿತು. ನಿಧಾನವಾಗಲಿಲ್ಲ, ಕುಂಟಲಿಲ್ಲ. ಇತ್ತು, ಆಮೇಲೆ ಇರಲಿಲ್ಲ. ಅಷ್ಟು ಹೆಂಗಸರ ಬಡಿತ ತುಂಬಿದ ಶೆಡ್ಡಿನ ಸದ್ದಿನಲ್ಲಿ ಒಂದು ತೂತು ಬಿತ್ತು. ನಾವೆಲ್ಲ ತಿರುಗಿ ನೋಡಿದೆವು. ಅವಳು ಮಸಾಲೆ ಸುತ್ತಿದ ಕಡ್ಡಿ ಹಿಡಿದುಕೊಂಡೇ ಮಣೆಯ ಮೇಲೆ ಬಾಗಿದ್ದಳು. ಎದೆ ಕೇಳಿಸದವರ ಮುಂದೆ ಅಳದೆ ದಾಟಬಾರದು ಎಂಬುದು ನಮ್ಮೂರ ಕಟ್ಟಳೆ. ಒಬ್ಬ ಹೆಂಗಸು ಅಳಲು ಕೂತರೆ ಆ ಅಳು ಕಿವಿಗೆ ಬಿದ್ದ ಹೆಂಗಸರೆಲ್ಲ ಕೈಕೆಲಸ ಬಿಟ್ಟು ಕೂರಬೇಕು, ಅವಳೇ ಎದ್ದು ಸೆರಗು ಕೊಡವುವ ತನಕ. ಅಳುತ್ತಿರುವವಳನ್ನು ಗಂಡಸರು ಮುಟ್ಟಿ ಎಬ್ಬಿಸುವಂತಿಲ್ಲ. ಆ ದಿನ ಅಳಲು ಮೊದಲು ಕೂತವಳು ನಾನೇ. ಗಟ್ಟಿಯಾಗಿಯೇ ಅತ್ತೆ. ಆದರೆ ನಿಜ ಹೇಳಬೇಕೆಂದರೆ ಅಳುತ್ತಲೇ ನನ್ನದನ್ನು ಕೇಳಿಸಿಕೊಳ್ಳುತ್ತಿದ್ದೆ. ಒರಳುಕಲ್ಲೇ ಒಡೆಯುವುದಾದರೆ, ಈ ಬಿರುಕು ಬಿಟ್ಟ ಮಡಕೆ ಎಷ್ಟು ದಿನ?

ಸಾಹುಕಾರರು ಅವಳ ಮನೆಗೆ ಹೋಗಲಿಲ್ಲ. ಶೆಡ್ಡು ತೊಳೆಸಿದರು. ದೇವರ ಮುಂದೆ ಹಚ್ಚುವ ಕಡ್ಡಿ ಮಾಡುವ ಜಾಗದಲ್ಲಿ ಸಾವಾದರೆ ಕಡ್ಡಿಗೆ ಸೂತಕ ತಗಲುತ್ತದೆ ಎಂದರು. ಮಸಾಲೆಯ ಕರಿ ಧೂಳು ಕುಡಿದು ನಾವು ಕೆಮ್ಮಿದಾಗ ತಗಲದ ಸೂತಕ, ಒಬ್ಬಳು ಸತ್ತ ತಕ್ಷಣ ದೇವರ ಮೂಗಿಗೇ ಬಡಿಯಿತು. ಬರುವ ಸೋಮವಾರ ಗೇಟಿನಲ್ಲಿ ತಾವೇ ಕೂತು ಒಬ್ಬೊಬ್ಬರ ಎದೆ ಆಲಿಸುತ್ತಾರೆ, ಸರಿಯಿದ್ದವರು ಬಲಕ್ಕೆ, ಊನವಿದ್ದವರು ಎಡಕ್ಕೆ, ಎಡಕ್ಕೆ ಹೋದವರು ಮನೆಗೆ ಎಂದು ಮೇಸ್ತ್ರಿ ಸಾರಿದ. ಸಾಹುಕಾರರೇ ಯಾಕೆ ಎಂದರೆ, ತನ್ನ ಎದೆ ತನಗೆ ಕೇಳಿಸದವನ ಕಿವಿ ಬೇರೆಯವರ ಎದೆಗೆ ಚುರುಕು ಎಂಬ ನಂಬಿಕೆ. ಹೊಂಬಾಳಮ್ಮನದು ಶೆಡ್ಡಿನಲ್ಲೇ ಎಲ್ಲರಿಗಿಂತ ಸರಿಯಾಗಿದ್ದ ಎದೆ ಎಂದು ನಾನು ಮೇಸ್ತ್ರಿಗೆ ಹೇಳಿದೆ. ಅವನು ನನ್ನ ಎದೆಯ ಕಡೆಗೊಮ್ಮೆ ಕಿವಿ ವಾಲಿಸಿ, ನಿನಗ್ಯಾಕೆ ಬೇಕಿತ್ತು ಈ ಮಾತು ಎನ್ನುವಂತೆ ನೋಡಿ ಹೋದ.

ಈ ಕೆಲಸ ಹೋದರೆ ಕೆಳಕೇರಿಯ ಹೆಂಗಸಿಗೆ ಉಳಿಯುವುದು ಇಟ್ಟಿಗೆ ಗೂಡು. ತಲೆಯ ಮೇಲೆ ಇಟ್ಟಿಗೆ ಹೊತ್ತು ಏರಿ ಹತ್ತುವ ಕೆಲಸವನ್ನು ನನ್ನ ಕವಾಟ ತಡೆಯುವುದಿಲ್ಲ, ಅದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ ಮಾತು. ಆದ್ದರಿಂದ ಸೋಮವಾರ ನಾನು ಸಮಾಧಾನವಾಗಿರಬೇಕಿತ್ತು. ಅಷ್ಟೇ. ಸಮಾಧಾನವಾಗಿದ್ದರೆ ಸುಸ್ ಕೇಳಿಸುವುದಿಲ್ಲ, ಬಲಕ್ಕೆ ಹೋಗುತ್ತೇನೆ. ಹೆದರಿದರೆ ಎಡಕ್ಕೆ. ಹೆದರಿದರೆ ಎಡಕ್ಕೆ ಎಂಬ ಹೆದರಿಕೆಯೊಂದು ಹೊಸದಾಗಿ ಬಂದು ಹಳೆಯ ಹೆದರಿಕೆಯ ಮೇಲೆ ಕೂತಿತು. ಆ ವಾರವೆಲ್ಲ ನನಗೆ ನಿದ್ದೆ ಇಲ್ಲ. ಎಡಕ್ಕೆ ಮಲಗಿದರೆ ಹಾಸಿಗೆಯೇ ಬಡಿದುಕೊಂಡಂತೆ, ಬಲಕ್ಕೆ ಮಲಗಿದರೆ ಕೇಳಿಸುವುದು ಕಡಿಮೆಯಾಗಿ ನಿಂತೇಹೋಯಿತೋ ಎಂದು ಎದ್ದು ಕೂರುವುದು. ಸೂಜಿಯ ದಿನಕ್ಕೆ ಮುಂಚೆಯೇ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನೋಡಿ, ಹೆಚ್ಚಾಗಿಲ್ಲ ಎಂದರು. ಬಾಗಿಲ ತನಕ ಹೋಗಿ ವಾಪಸು ಬಂದು, ಇನ್ನೊಂದು ಸಲ ನೋಡಿ ಎಂದೆ. ಅವರು ಬೈಯಲಿಲ್ಲ. "ನಿಂಗಾಜಮ್ಮ, ನಾನು ಹತ್ತು ಸಲ ನೋಡ್ತೀನಿ. ಹನ್ನೊಂದನೇ ಸಲಕ್ಕೆ ನೀವು ಯಾರನ್ನ ಕೇಳ್ತೀರಿ?" ಎಂದರು.

ಭಾನುವಾರ ಬೆಳಗ್ಗೆ ಟೈಲರ್ ಮುನಾಫಣ್ಣನ ಅಂಗಡಿಗೆ ಹೋದೆ. ವಾರವೆಲ್ಲ ಮೇಲುಕೇರಿಗೆ ಮುಚ್ಚಂಗಿ ಹೊಲಿಯುವ ಮುನಾಫಣ್ಣ, ಭಾನುವಾರ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಆ ಅಂಗಡಿಯಲ್ಲೇ ಓದುವ ಕೂಟ ನಡೆಸುತ್ತಾನೆ. ಅಲ್ಲೇ ನಾನು ಕೂಡಿಸಿ ಓದುವುದು ಕಲಿತದ್ದು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ನಡುನಡುವೆ ಜಗಳ ಆಡುತ್ತಾರೆ. ಎದೆ ಮುಚ್ಚಿಕೊಳ್ಳುವುದು ಹಕ್ಕೋ, ಎಲ್ಲರೂ ತೆರೆದುಕೊಳ್ಳಬೇಕಾದದ್ದು ಹಕ್ಕೋ ಎಂದು ಒಂದು ಮಳೆಗಾಲವಿಡೀ ಜಗಳವಾಡಿದ್ದೇವೆ. ಆದರೆ ಆ ದಿನ ನನಗೆ ಹಕ್ಕು ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ಒಂದೇ ಒಂದು ಮಧ್ಯಾಹ್ನ ಈ ಸದ್ದು ಕೇಳಿಸದೆ ಮಲಗಿದರೆ ನಾಳೆ ಸಮಾಧಾನವಾಗಿ ನಿಲ್ಲಬಲ್ಲೆ, ಒಂದು ಮುಚ್ಚಂಗಿ ಕೊಡಣ್ಣ ಎಂದೆ.

ಮುನಾಫಣ್ಣ ಹಲ್ಲಿನಲ್ಲಿ ಕಚ್ಚಿದ್ದ ದಾರ ಉಗಿದು ಬೀದಿಯ ಆಚೀಚೆ ನೋಡಿದ. ಸಿಕ್ಕಿಬಿದ್ದರೆ ನನ್ನ ಕೆಲಸವಷ್ಟೇ ಅಲ್ಲ, ತನ್ನ ಅಂಗಡಿಯೂ ಹೋಗುತ್ತದೆ ಎಂದ. ಅವನ ಎದೆಯೂ ಓಡತೊಡಗಿದ್ದು ನನಗೆ ಕೇಳಿಸಿತು. ನನ್ನದು ಅವನಿಗೆ ಕೇಳಿಸುತ್ತಲೇ ಇತ್ತು. ನಾವಿಬ್ಬರೂ ಹಾಗೆ ಒಬ್ಬರ ಭಯವನ್ನು ಒಬ್ಬರು ಕೇಳಿಸಿಕೊಳ್ಳುತ್ತಾ ನಿಂತೆವು. ಕೊನೆಗೆ ಒಳಗಿನಿಂದ ಹತ್ತಿ ಬದಲಾಯಿಸಲು ಬಂದಿದ್ದ ಒಂದು ಹಳೆಯ ಅಂಗಿ ತಂದು ನನ್ನ ಬುಟ್ಟಿಗೆ ಹಾಕಿ, ಮೇಲೆ ಚಿಂದಿ ಮುಚ್ಚಿದ. "ಸಂಜೆ ಕೂಟಕ್ಕೆ ಬರುವಾಗ ತಂದುಬಿಡಮ್ಮ. ಒಂದು ಮಾತು. ನಾನು ಇಷ್ಟು ಹೊಲಿದಿದ್ದೀನಿ, ಒಂದು ದಿನ ಹಾಕ್ಕೊಂಡು ನೋಡಿಲ್ಲ. ಭಯ ಆಗುತ್ತೆ" ಎಂದ.

ಅತ್ತೆ ಅಂಗಡಿಬೀದಿಗೆ ಹೋಗಿದ್ದಳು. ಬಾಗಿಲು ಮುಂದೆ ಮಾಡಿ ಅದನ್ನು ತೊಟ್ಟು, ಮೇಲೆ ಸೀರೆ ಸುತ್ತಿಕೊಂಡೆ. ಕೊನೆಯ ಗುಂಡಿ ಹಾಕಿದ ಕೂಡಲೆ ಸದ್ದು ಹೋಯಿತು. ನನ್ನ ಬದುಕಿನಲ್ಲಿ ಮೊದಲ ಸಲ ಹಂಚಿನ ಮೇಲೆ ಗುಬ್ಬಿ ನಡೆದಾಡುವುದು ಕೇಳಿಸಿತು. ಸಾಹುಕಾರರ ಮನೆಯವರು ಹೀಗೆ ಬದುಕುತ್ತಾರಲ್ಲ, ಪ್ರತಿದಿನ, ಪುಕ್ಕಟೆಯಾಗಿ ಎಂದು ಹೊಟ್ಟೆ ಉರಿಯಿತು. ಉರಿಯುತ್ತಿರುವಾಗಲೇ ನಿದ್ದೆ ಬಂತು.

ಎಚ್ಚರವಾದದ್ದು ಅಳುವಿನ ಸದ್ದಿಗೆ. ಕಣ್ಣು ಬಿಡುವ ಮುಂಚೆಯೇ ಹೊಗೆಯ ವಾಸನೆ. ಹಿತ್ತಿಲಲ್ಲಿ ಯಾರೋ ದೊಡ್ಡ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ನನ್ನ ಸುತ್ತ ಕೇರಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ಕೂತಿದ್ದರು. ತಲೆಯ ಹತ್ತಿರ ಅತ್ತೆ ಎದೆ ಬಡಿದುಕೊಳ್ಳುತ್ತಾ ಹೇಳಿ ಹೇಳಿ ಅಳುತ್ತಿದ್ದಳು. "ಅಯ್ಯೋ ನನ್ನವ್ವಾ, ಗಂಟಾದ ಮುದ್ದೇಲೂ ಮೊದಲ ತುತ್ತು ನಂಗೇ ಇಕ್ಕಿದೋಳೇ... ಅತ್ತೆ ಬೈದ್ರೆ ಗೋಡೆಗೆ ಹೇಳ್ಕಂಡು ಎದುರು ಮಾತಾಡ್ದೆ ಹೋದೋಳೇ... ನಿನ್ನೆದೆ ಸುಸ್ ಅಂದ್ರೇನೆ ನಂಗೆ ಜೋಂಪು ಹತ್ತದು, ಇನ್ಯಾರು ಸುಸ್ ಅಂದಾರವ್ವಾ..." ಅಂಗಡಿಯಿಂದ ಬಂದವಳು ಬಾಗಿಲು ತೆಗೆದಿದ್ದಾಳೆ. ನಾನು ಮಲಗಿದ್ದೇನೆ. ಎದೆ ಕೇಳಿಸುತ್ತಿಲ್ಲ. ಮೂಗಿನ ಹತ್ತಿರ ಕೈ ಹಿಡಿದು ನೋಡಬೇಕು ಎಂದು ನಮ್ಮೂರಲ್ಲಿ ಯಾರಿಗೂ ಹೊಳೆಯುವುದಿಲ್ಲ. ಆ ಅಭ್ಯಾಸವೇ ಇಲ್ಲ. ಎದೆ ಕೇಳಿಸಿದರೆ ಇದ್ದಾರೆ, ಕೇಳಿಸದಿದ್ದರೆ ಇಲ್ಲ.

ನಾನು ಎದ್ದು ಕೂತೆ. ಇಬ್ಬರು ಹೊಸಿಲು ದಾಟಿ ಓಡಿದರು. ಅತ್ತೆ ಓಡಲಿಲ್ಲ. ನನ್ನ ಮುಖ ನೋಡಿದಳು, ಸೀರೆಯೊಳಗೆ ಕೈ ಹಾಕಿ ಮುಚ್ಚಂಗಿಯ ಗುಂಡಿಗಳನ್ನು ಕಿತ್ತು ತೆಗೆದಳು. ಲೊಟಕ್ ಲೊಟಕ್ ಸುಸ್ ಎಂದು ಬೀದಿಗೆಲ್ಲ ಕೇಳಿಸಿತು. ಆಮೇಲೆ ಮೂಲೆಯಿಂದ ಪೊರಕೆ ತಂದು ಹೆಂಗಸರೆಲ್ಲರ ಮುಂದೆ ನನ್ನ ಬೆನ್ನಿಗೆ ಬಾರಿಸಿದಳು. ಬಂದವರು ಹಂಡೆಯ ನೀರು ಯಾಕೆ ಕೆಡಿಸುವುದು, ನೀವೇ ಸ್ನಾನ ಮಾಡಿ ಎಂದು ನಗುತ್ತಾ ಎದ್ದರು. ಮುಚ್ಚಂಗಿಯ ವಿಷಯ ಮೇಲುಕೇರಿಗೆ ಯಾರೂ ಹೇಳುವುದಿಲ್ಲ ಎಂದು ಅವರಲ್ಲಿ ದೊಡ್ಡವಳೊಬ್ಬಳು ಮಾತು ಕೊಟ್ಟಳು.

ಎಲ್ಲರೂ ಹೋದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತಳು. "ನನ್ನ ಮಗಂದು ನಿಂತದ್ದ ಈ ಕಿವೀಲಿ ಕೇಳ್ದೆ. ನೀನೂ ಪಕ್ಕದಲ್ಲೇ ಇದ್ದೆ. ಆವತ್ತಿಂದ ನಿನ್ನದ ಕಾಯ್ಕೊಂಡು ಕುಂತಿವ್ನಿ. ಕುಂಟ್ತದೆ ಅಂತೀನಿ, ಓಡ್ತದೆ ಅಂತೀನಿ, ನೀನು ಹೆದರ್ಕೊತೀಯ ಅಂತ ಗೊತ್ತು. ನಾನೂ ಹೆದರ್ಕೊಂಡೇ ಅಮ್ಮಿ ಹೇಳೋದು" ಎಂದಳು. ಇಷ್ಟು ವರ್ಷ ಒಂದೇ ಸದ್ದಿಗೆ ಎರಡು ಜೀವ ಹೆದರಿಕೊಂಡು ಮಲಗಿದ್ದವು ಎಂಬುದು ನನಗೆ ಆಗ ತಿಳಿಯಿತು. ಅವಳು ಆ ಮುಚ್ಚಂಗಿಯನ್ನು ಕಾಲಿನಿಂದ ದೂರ ನೂಕಿ, ಇದನ್ನು ತೊಟ್ಟವರು ಬದುಕಿದ್ದಾರೋ ಸತ್ತಿದ್ದಾರೋ ಯಾರು ಕಂಡರು ಎಂದು ಗೊಣಗಿದಳು. ಗೊಣಗಿ, ಅದನ್ನೇ ಮತ್ತೆ ಹತ್ತಿರ ಎಳೆದು ಮಗುಚಿ ಮಗುಚಿ ನೋಡಿದಳು. ಕಿತ್ತ ಗುಂಡಿಗಳನ್ನು ಹೊಲಿದು ನಾನು ಸಂಜೆ ಅದನ್ನು ಹಿಂದಿರುಗಿಸಿದೆ.

ಸೋಮವಾರ ಕಾರ್ಖಾನೆಯ ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿತ್ತು. ದಾನಪ್ಪ ಸಾಹುಕಾರರು ಆ ಸೆಕೆಯಲ್ಲೂ ಕತ್ತಿನ ತನಕ ಗುಂಡಿ ಹಾಕಿದ ಮುಚ್ಚಂಗಿ ತೊಟ್ಟು ಕಣ್ಣು ಮುಚ್ಚಿ ಕೂತಿದ್ದರು. ಮೇಸ್ತ್ರಿ ಒಬ್ಬೊಬ್ಬರನ್ನೇ ಕರೆದು ಮುಂದೆ ನಿಲ್ಲಿಸುತ್ತಿದ್ದ, ಉಳಿದವರು ದೂರ. ಸಾಹುಕಾರರು ಒಂದಿಷ್ಟು ಹೊತ್ತು ಆಲಿಸಿ ಗದ್ದ ಆಡಿಸುತ್ತಿದ್ದರು, ಬಲಕ್ಕೋ ಎಡಕ್ಕೋ. ಬಸುರಿ ಸಾಕಮ್ಮಣ್ಣಿಯನ್ನು ಎಡಕ್ಕೆ ಕಳಿಸಿದರು, ಎದೆ ಎರಡೆರಡು ಹೊಡೆದುಕೊಳ್ಳುತ್ತದೆಯಂತೆ. ಒಳಗಿನ ಕೂಸಿನದೂ ಸೇರಿ ಎರಡು ಎಂದು ಅವಳು ಹೇಳಿದರೆ, ವಾದ ಬೇಡ ಎಂದ ಮೇಸ್ತ್ರಿ. ಹೆದರಿದವರೆಲ್ಲ ಎಡಕ್ಕೆ ಹೋಗುತ್ತಿದ್ದರು. ಹೆದರದವರು ಯಾರಿದ್ದರು? ಎಡಗಡೆಯ ಗುಂಪು ದೊಡ್ಡದಾಗುವುದನ್ನು ನೋಡಿ ಸಾಲಿನಲ್ಲಿದ್ದವರ ಎದೆಗಳು ಇನ್ನಷ್ಟು ಓಡುತ್ತಿದ್ದವು.

ನನ್ನ ಸರದಿ ಬಂತು. ನಾನು ಏನೇನನ್ನೋ ನೆನೆದೆ. ಹಂಚಿನ ಮೇಲಿನ ಗುಬ್ಬಿಯನ್ನು ನೆನೆದೆ. ಓದುವ ಕೂಟದಲ್ಲಿ ಬಾಯಿಪಾಠ ಮಾಡಿದ ಸಾಲೊಂದನ್ನು ಮನಸ್ಸಿನಲ್ಲೇ ಓದಿದೆ. ಸುಸ್ ಶುರುವಾಯಿತು. ಸುಮ್ಮನಿರು ಎಂದು ಅದಕ್ಕೆ ಕೈ ಮುಗಿದೆ, ಬೈದೆ. ಅದು ಇನ್ನೂ ಜೋರಾಯಿತು. ಈಗ ನಿಲ್ಲುತ್ತದೆ, ಇಲ್ಲೇ, ಇವರ ಕಾಲಿನ ಹತ್ತಿರ ಬೀಳುತ್ತೇನೆ ಅನ್ನಿಸಿತು. ಸಾಹುಕಾರರಿಗೆ ಆಲಿಸುವ ಕಷ್ಟವೂ ಆಗಲಿಲ್ಲ. ಕಣ್ಣು ಬಿಡದೆಯೇ ಗದ್ದ ಎಡಕ್ಕೆ ಆಡಿಸಿ, "ಸೋರುತ್ತೆ" ಎಂದರು.

ಆಗ ಬುತ್ತಿ ಕೊಡುವ ನೆಪದಲ್ಲಿ ಗೇಟಿಗೆ ಬಂದಿದ್ದ ನಮ್ಮತ್ತೆ ಸಾಲು ದಾಟಿ ಬಂದಳು. ಮೇಸ್ತ್ರಿ ಏಯ್ ಮುದುಕಿ ಎನ್ನುವಷ್ಟರಲ್ಲಿ ಸಾಹುಕಾರರ ಕುರ್ಚಿಯ ಮುಂದೆ ಬಾಗಿ, ಅವರ ಎದೆಯ ಹತ್ತಿರ ಕಿವಿ ಹಿಡಿದಳು. ಸಾರಿಗೆ ಉಪ್ಪಿಲ್ಲ ಎನ್ನುವ ಹಾಗೆ, "ಇಲ್ಲ" ಎಂದಳು. ಎದ್ದು ನಮ್ಮ ಕಡೆ ತಿರುಗಿ ಇನ್ನೊಂದು ಸಲ, "ಕೇಳುಸ್ತಾ ಇಲ್ಲ ಕಣ್ರವ್ವ, ಹೋಗವ್ರೆ" ಎಂದಳು. ಆಮೇಲೆ ಮಣ್ಣಿನಲ್ಲೇ ಕುಕ್ಕರಿಸಿ, ಸೆರಗು ಹಾಸಿ, ಅಳಲು ಶುರು ಮಾಡಿದಳು. "ಅಯ್ಯೋ ನನ್ನಪ್ಪಾ ದಾನಪ್ಪಾ, ಊರ ದೇವ್ರಿಗೆಲ್ಲ ಗಮಗಮ ಮಾಡ್ದೋನೇ, ಹೊಸೆಯೋರ ಕೈಯೆಲ್ಲ ಕರ್ರಗೆ ಮಾಡ್ದೋನೇ... ಸುಡೋ ಬಿಸಿಲಲ್ಲಿ ಬೂರುಗ ಹೊದ್ದೋನೇ, ಯಾವಾಗ ಸತ್ಯೋ ಹೆಂಡ್ತೀಗೂ ತಿಳೀದಂಗೆ ಸತ್ಯಲ್ಲಪ್ಪಾ..."

ಸಾಹುಕಾರರು ಮೊದಲು ನಕ್ಕರು. ನಾನು ಬದುಕಿದ್ದೀನಿ, ಈ ಹುಚ್ಚಿಯನ್ನ ಎಳ್ಕೊಂಡು ಹೋಗು ಎಂದರು ಮೇಸ್ತ್ರಿಗೆ. ಮೇಸ್ತ್ರಿ ಎರಡು ಹೆಜ್ಜೆ ಮುಂದಿಟ್ಟು ನಿಂತ. ಅಳುವವಳನ್ನು ಅವನು ಮುಟ್ಟುವಂತಿರಲಿಲ್ಲ. ಎಡಗಡೆಯ ಹೆಂಗಸರು ಕೂತರು. ಬಲಗಡೆಯವರು ಗೇಟಿನೊಳಗೆ ಒಂದು ಕಾಲಿಟ್ಟಿದ್ದವರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳು ಕಿವಿಗೆ ಬಿದ್ದಿತ್ತು, ಬಿದ್ದಿಲ್ಲ ಎನ್ನುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ವಾಪಸು ಬಂದು ಕೂತರು. ಒಂದಿಬ್ಬರು ಗೊಣಗುತ್ತಲೇ ಕೂತರು, ಅದನ್ನು ನಾನು ಮುಚ್ಚಿಡುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ಚಪ್ಪಲಿ ಬಿಟ್ಟು ನಿಂತರು. ಯಾವಾಗ ಹೋದರಂತೆ ಎಂದು ಒಬ್ಬ ಕೇಳಿದ. ಇನ್ನೊಬ್ಬ ಸೈಕಲ್ ತಿರುಗಿಸಿ, ಪಾಪ, ಮನೆಗೆ ತಿಳಿಸುತ್ತೇನೆ ಎಂದು ಮೇಲುಕೇರಿಯ ಕಡೆ ತುಳಿಯತೊಡಗಿದ.

ಅವನನ್ನು ನಿಲ್ಲಿಸಿ ಎಂದು ಸಾಹುಕಾರರು ಕೂಗಿದರು. ಸತ್ತವರ ಮಾತಿಗೆ ಯಾರು ಓಡುತ್ತಾರೆ? ನಾನು ಬದುಕಿದ್ದೀನಿ ಕಣಮ್ಮ, ಮಾತಾಡ್ತಿಲ್ವ ಎಂದು ನಮ್ಮತ್ತೆಗೆ ಹೇಳಿದರು. ಅವಳು ಅಳುವಿನ ರಾಗದಲ್ಲೇ, "ಮಾತು ರೇಡಿಯೋನೂ ಆಡ್ತದಪ್ಪಾ, ಎದೆ ಕೇಳ್ಸಪ್ಪಾ" ಎಂದಳು. ಅಳುತ್ತಿದ್ದವರಲ್ಲಿ ಒಬ್ಬಳು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು. ಸೈಕಲ್ಲು ತಿರುವು ದಾಟಿತು. ಸಾಹುಕಾರರು ಕತ್ತಿನ ಗುಂಡಿಗೆ ಕೈ ಹಾಕಿದರು. ಬೆರಳು ಜಾರಿತು. ಒಂದು ಗುಂಡಿ, ಇನ್ನೊಂದು, ಮತ್ತೊಂದು. ಅಂಗಿ ಎರಡು ಭಾಗವಾಗಿ ತೆರೆಯಿತು.

ಅವರ ಎದೆ ಕೇಳಿಸಿತು. ಓಡುತ್ತಿತ್ತು. ಮೂರು ಹೊಡೆದು ಒಂದನ್ನು ನುಂಗುತ್ತಿತ್ತು, ಎರಡು ಹೊಡೆದು ತಡವರಿಸುತ್ತಿತ್ತು, ಮತ್ತೆ ದಿಕ್ಕಾಪಾಲು ಓಡುತ್ತಿತ್ತು. ನಮ್ಮತ್ತೆಯ ಅಳು ನಿಂತಿತು. ಹುಟ್ಟಿದಾಗಿನಿಂದ ಮುಚ್ಚಂಗಿಯೊಳಗೆ ಬೆಳೆದ ಮನುಷ್ಯ ತನ್ನದನ್ನು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದ. ತಲೆ ಬಗ್ಗಿಸಿ ತನ್ನ ಎದೆಯನ್ನೇ ನೋಡಿದ. ಅಂಗೈ ಇಟ್ಟು ಒತ್ತಿದ, ತೆಗೆದ, ಮತ್ತೆ ಇಟ್ಟ. ಅದು ಇನ್ನೂ ಜೋರಾಯಿತು. ಮುಖ ಬೆವರಿ ಬೂದಿ ಬಣ್ಣಕ್ಕೆ ತಿರುಗಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಂಗಸರೆಲ್ಲ ಕೇಳಿಸಿಕೊಳ್ಳಲಿ, ಊರು ಕೇಳಿಸಿಕೊಳ್ಳಲಿ ಅನ್ನಿಸಿತು. ಆದರೆ ಆ ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಅಂಗೈ ಎಲ್ಲಿ ಇಡಬೇಕೆಂದು ತಿಳಿಯದ ಆ ಕೈ ನನಗೆ ಚೆನ್ನಾಗಿ ಗೊತ್ತಿತ್ತು.

ಸಾಹುಕಾರರು ತಲೆಯೆತ್ತಿದರು. ಹೆಂಗಸರಲ್ಲಿ ಕೂರುವುದನ್ನೂ ಮರೆತು ಎದುರಿಗೆ ನಿಂತವಳು ನಾನೊಬ್ಬಳೇ. "ಇದು... ಇದು ಸರಿಯಾಗಿದೆಯೇನಮ್ಮಾ? ಹಿಂಗೇ ಹೊಡ್ಕೋಬೇಕಾ?" ಎಂದು ಕೇಳಿದರು.

ಎಡಕ್ಕೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಗದ್ದ ಆಡಿಸಿದರೂ ಸಾಕಿತ್ತು. ಹೊಂಬಾಳಮ್ಮನಿಗಾಗಿ ಆಡಿಸಬೇಕು ಅನ್ನಿಸಿತು. ಧಣಿಗಳನ್ನು ಬುದ್ಧಿ ಎಂದು ಕರೆದೇ ಮಾತು ಶುರು ಮಾಡುವ ಹಳೆಯ ಅಭ್ಯಾಸವೂ ಬಾಯಿಗೆ ಬಂದಿತ್ತು, ಅದನ್ನು ನುಂಗಿದೆ. ನನ್ನ ಎದೆ ಸುಸ್ ಎನ್ನುತ್ತಲೇ ಇತ್ತು, ಎಲ್ಲರಿಗೂ ಕೇಳಿಸುವ ಹಾಗೆ.

"ಗೊತ್ತಿಲ್ಲ ಸಾಹುಕಾರ್ರೆ. ಹೊರಗೆ ನಿಂತು ಕೇಳಿ ಹೇಳೋಕಾಗಲ್ಲ. ನಂದೂ ನಂಗೆ ಗೊತ್ತಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ, ಡಾಕ್ಟರಮ್ಮ ಮಲಗಿಸಿ ನೋಡ್ತಾರೆ. ಸಾಲಲ್ಲಿ ಕೂರ್ಬೇಕು" ಎಂದೆ. "ನಮಗೆ ಕೆಲಸಕ್ಕೆ ಹೊತ್ತಾಯ್ತದೆ."

ಬಲವೂ ಅಲ್ಲ, ಎಡವೂ ಅಲ್ಲ, ನೇರ ಗೇಟಿನ ಕಡೆ ನಡೆದೆ. ಹಿಂದೆ ಅತ್ತೆ ಎದ್ದು ಸೆರಗು ಕೊಡವಿದ್ದು ಕೇಳಿಸಿತು, ಆಮೇಲೆ ಉಳಿದ ಸೆರಗುಗಳು. ಬಸುರಿ ಸಾಕಮ್ಮಣ್ಣಿ ಎರಡು ಎದೆ ಹೊತ್ತುಕೊಂಡು ನನ್ನ ಪಕ್ಕಕ್ಕೆ ಬಂದಳು. ಮೇಸ್ತ್ರಿ ಸಾಹುಕಾರರ ಗದ್ದವನ್ನೇ ನೋಡುತ್ತಿದ್ದ. ಆ ಗದ್ದ ಎದೆಗೆ ಅಂಟಿಕೊಂಡು ಬಗ್ಗಿತ್ತು, ಯಾವ ಕಡೆಗೂ ಆಡಲಿಲ್ಲ.

ನಾಳೆ ಅವರು ಗುಂಡಿ ಹಾಕಿಕೊಂಡು ಇನ್ನೊಂದು ಕಾನೂನು ತರಬಹುದು. ತಂದರೆ ಅಳಲು ನಮಗೆ ಇನ್ನೂ ಗಂಟಲಿದೆ. ಸದ್ಯಕ್ಕೆ ನಾನು ನನ್ನ ಮಣೆಯ ಮುಂದೆ ಕೂತೆ. ಪಕ್ಕದ ಜಾಗ ಖಾಲಿ ಇತ್ತು. ಎದೆ ಇನ್ನೂ ಓಡುತ್ತಿತ್ತು. ಹೊರಗಿನಿಂದ ಅವರದೂ ಗೋಡೆ ದಾಟಿ ಬರುತ್ತಿತ್ತು. ನಡುವೆ ಎಲ್ಲೋ ಒಂದು ಬಡಿತ ತಪ್ಪಿತು. ನನ್ನದೋ ಅವರದೋ ಎಂದು ಕಿವಿ ನಿಮಿರಿತು. ಬೆಳಗ್ಗೆ ಕಲಸಿಟ್ಟ ಮಸಾಲೆ ಅಂಚಿನಲ್ಲಿ ಆಗಲೇ ಒಣಗತೊಡಗಿತ್ತು. ನೀರು ಚಿಮುಕಿಸಿ, ಮೊದಲ ಕಡ್ಡಿ ಕೈಗೆತ್ತಿಕೊಂಡೆ.